ತೂಗುಮಂಚಕ್ಕೆ ಕಾಲು ಬಂದದ್ದು

ಇಬ್ಬರು ಎರಡು ಕಡೆಯಿಂದ ಕರೆದರೆ ಇಬ್ಬರಿಗೂ "ಬಂದೆ" ಎನ್ನುವ ಕೆಟ್ಟ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ನೋಡುವವರು ಇದನ್ನು ಒಳ್ಳೆಯತನ ಎಂದುಕೊಳ್ಳುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ತಿಳಿದುಕೊಂಡಿದ್ದೆ. ಮದುವೆಯಾಗಿ, ತಾಯಿ ಮತ್ತು ಹೆಂಡತಿ ಇಬ್ಬರೂ ಒಂದೇ ಸೂರಿನ ಕೆಳಗೆ ಬಂದ ಮೇಲೆ, ಅದು ಒಳ್ಳೆಯತನವಲ್ಲ, ಶುದ್ಧ ಅಂಜುಬುರುಕತನ ಎಂಬುದು ಗೊತ್ತಾಯಿತು. ಗೊತ್ತಾಯಿತೇ ಹೊರತು ಚಟ ಬಿಡಲಿಲ್ಲ. ಊಟ, ತಿಂಡಿ, ಹಬ್ಬಹರಿದಿನಗಳ ಮಟ್ಟಿಗೆ ಈ ಚಟದಿಂದ ಹೇಗೋ ದಿನ ದೂಡಬಹುದು. ಆದರೆ ಮನೆಯನ್ನು ಸಿಂಗರಿಸುವ ವಿಷಯದಲ್ಲಿ ಹಾಗಲ್ಲ. ಮಾತನ್ನು ಎರಡು ಕಡೆಗೂ ಆಡಬಹುದು. ಒಂದು ಕುರ್ಚಿಯನ್ನು ಮಾತ್ರ ಎರಡು ಕಡೆ ಇಡಲು ಬರುವುದಿಲ್ಲ.

ಧಾರವಾಡದ ಹಳೆಯ ಓಣಿಯೊಂದರಲ್ಲಿ ನಮ್ಮ ಮನೆ. ಮನೆಯೆಂದರೆ ಒಂದು ಪಡಸಾಲೆ, ಅದಕ್ಕೆ ಅಂಟಿಕೊಂಡ ನಾಲ್ಕು ಕೋಣೆ. ಪಡಸಾಲೆಯ ತೊಲೆಗೆ ನಾಲ್ಕು ಹಿತ್ತಾಳೆಯ ಸರಪಳಿ, ಸರಪಳಿಗೆ ಒಂದು ಸಾಗವಾನಿ ಹಲಗೆ. ಇದೇ ನಮ್ಮ ತೂಗುಮಂಚ. ನನ್ನ ಅಜ್ಜ ಮಾಡಿಸಿದ್ದು. ಅವ್ವ ಹತ್ತು ವರ್ಷದ ಹುಡುಗಿಯಾಗಿ ಮುಗದವೆಂಬ ಹಳ್ಳಿಯಿಂದ ಚಕ್ಕಡಿಯಲ್ಲಿ ಬಂದು ಈ ಮನೆಯ ಹೊಸ್ತಿಲು ದಾಟಿದಾಗ ಅವಳನ್ನು ಮೊದಲು ಕೂಡ್ರಿಸಿದ್ದು ಇದರ ಮೇಲೆಯೇ. ಆಗ ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲವಂತೆ. ಅಪ್ಪ ತೀರಿಕೊಂಡ ಮೇಲಂತೂ ಅವಳು ಅಡಿಗೆಮನೆ ಬಿಟ್ಟರೆ ಇರುವುದು ಈ ಹಲಗೆಯ ಮೇಲೆಯೇ. ಅಲ್ಲೇ ಕೂತು ಅಕ್ಕಿ ಆರಿಸುವುದು, ಅಲ್ಲೇ ಬತ್ತಿ ಹೊಸೆಯುವುದು, ಅಲ್ಲಿಂದಲೇ ಹಾದಿಯಲ್ಲಿ ಹೋಗುವವರನ್ನು ಕರೆದು ಮಾತಾಡಿಸುವುದು. ಮಾತು ಸ್ವಾರಸ್ಯವಾಗಿದ್ದರೆ ತೂಗು ಜೋರಾಗುತ್ತಿತ್ತು. ಸರಪಳಿ ಕಿರುಗುಟ್ಟುವುದನ್ನು ಕೇಳಿಯೇ ನಾನು, ಓಣಿಯಲ್ಲಿ ಯಾರದೋ ಮನೆಯಲ್ಲಿ ಏನೋ ನಡೆದಿದೆ ಎಂದು ಬಾಗಿಲ ಹೊರಗಿನಿಂದಲೇ ಹೇಳಬಲ್ಲವನಾಗಿದ್ದೆ.

ನನ್ನ ಹೆಂಡತಿ ಪ್ರಮೀಳಾ ಹುಬ್ಬಳ್ಳಿಯವಳು. ಹುಬ್ಬಳ್ಳಿಯವರಿಗೆ ಹೊಸ ಸಾಮಾನು ರೈಲಿನಿಂದ ಇಳಿಯುವುದನ್ನು ನೋಡುತ್ತ ಬೆಳೆದ ಠೀವಿ ಇರುತ್ತದೆ. ನಾವು ಧಾರವಾಡದವರು ಆ ಸಾಮಾನಿನ ಬಗ್ಗೆ ಒಂದು ವರ್ಷ ಚರ್ಚೆ ಮಾಡಿ ಆಮೇಲೆ ಬೇಡವೆನ್ನುವವರು. ಆಕೆ ಒಂದು ದಿನ ಯಾವುದೋ ವಾರಪತ್ರಿಕೆಯ ಹಾಳೆಯೊಂದನ್ನು ಕತ್ತರಿಸಿ ತಂದು ನನ್ನ ಮುಂದಿಟ್ಟಳು. ಮುಂಬಯಿಯ ಯಾರದೋ ಬಂಗಲೆಯ ಚಿತ್ರ. ಸಪೂರ ಕಾಲಿನ ಸೋಫಾ, ಅದರ ಮಗ್ಗುಲಿಗೆ ಒಂದು ಹಳೆಯ ತಾಮ್ರದ ಹಂಡೆ, ಹಂಡೆಯಲ್ಲಿ ಎಂಥವೋ ಗಿಡ. ಹಳೆಯದನ್ನು ಎಸೆಯದೆ ಹೊಸದರ ಜೊತೆ ಬೆರೆಸುವುದೇ ಈಗಿನ ಅಭಿರುಚಿ ಎಂದು ಕೆಳಗೆ ಬರೆದಿತ್ತು.

"ನೋಡ್ರಿ, ಹಳೇದೆಲ್ಲಾ ನಮ್ಮ ಮನ್ಯಾಗ ಅದ. ಹೊಸಾದೊಂದ ಬಾಕಿ," ಎಂದಳು ಪ್ರಮೀಳಾ.

ನನಗೆ ನಿಜವಾಗಿಯೂ ಸಂತೋಷವಾಯಿತು. ಹಳೆಯದೂ ಇರಲಿ, ಹೊಸದೂ ಬರಲಿ ಎನ್ನುವ ಮಾತು ನನ್ನಂಥವನಿಗಾಗಿಯೇ ಯಾರೋ ಬರೆದಂತಿತ್ತು. ಇಬ್ಬರಿಗೂ ಹೂಂ ಎನ್ನುವುದು ದೌರ್ಬಲ್ಯವಲ್ಲ, ಅಭಿರುಚಿ ಎಂದು ಮುಂಬಯಿಯವರೇ ಒಪ್ಪಿದ ಮೇಲೆ ಇನ್ನೇನು? ಮರುದಿನವೇ ಬಚ್ಚಲಿನ ಹಂಡೆ ಹುಣಸೆಹಣ್ಣು ತಿಕ್ಕಿಸಿಕೊಂಡು ಪಡಸಾಲೆಯ ಮೂಲೆಗೆ ಬಂತು. ಅದರಲ್ಲಿ ಗಿಡ ನಿಂತಿತು. ಪಡಸಾಲೆಗೆ ಕಳೆ ಬಂದದ್ದು ನಿಜ. ಆದರೆ ಬಿಸಿನೀರಿಗೆ ಬೇರೆ ಪಾತ್ರೆ ಇರಲಿಲ್ಲವಾದ್ದರಿಂದ ನಾನು ಎರಡು ತಿಂಗಳು ಅನ್ನದ ಬೋಗುಣಿಯಲ್ಲಿ ಕಾಯಿಸಿದ ನೀರಿನಿಂದ, ತಲೆಗೊಂದು ದಿನ ಮೈಗೊಂದು ದಿನ ಎಂಬಂತೆ ಸ್ನಾನ ಮಾಡಬೇಕಾಯಿತು. ಉಪ್ಪಿನಕಾಯಿಯ ಪಿಂಗಾಣಿ ಭರಣಿ ನವಿಲುಗರಿ ತುಂಬಿಕೊಂಡು ಕಿಟಕಿಯ ಮೇಲೆ ಕುಳಿತಿತು. ಅಪ್ಪನ ಬೆಳ್ಳಿಕಟ್ಟಿನ ಬೆತ್ತಕ್ಕೆ ಪರದೆ ನೇತುಬಿತ್ತು. "ನಿಮ್ಮಪ್ಪಗ ಗೊತ್ತಾಗಿದ್ರ ಅದ ಬೆತ್ತದಲೇ ನಿನಗ ಕೊಡತಿದ್ರು," ಎಂದು ಅವ್ವ ತೂಗುತ್ತಲೇ ಹೇಳಿದಳು. ಅಷ್ಟು ಬಿಟ್ಟರೆ ಅವಳದೇನೂ ತಕರಾರಿರಲಿಲ್ಲ.

ತಕರಾರು ಶುರುವಾದದ್ದು ಸೋಫಾಸೆಟ್ಟು ಬಂದಾಗ. ಅದನ್ನು ತರಲು ಹುಬ್ಬಳ್ಳಿಗೆ ಹೋಗುವ ಮುಂಚೆ ನಾನು ಪಡಸಾಲೆಯನ್ನು ಟೇಪು ಹಿಡಿದು ಅಳೆದಿದ್ದೆ. ನಾನು ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸುವ ಮಾಸ್ತರ. ಉದ್ದ ಅಗಲಗಳನ್ನೆಲ್ಲ ಕಾಗದದ ಮೇಲೆ ಇಳಿಸಿ, ಸೋಫಾ ಎಲ್ಲಿ, ಟೀಪಾಯಿ ಎಲ್ಲಿ, ತೂಗುಮಂಚ ಎಲ್ಲಿ ಎಂದು ನಕಾಶೆ ಬರೆದು, ಅದನ್ನು ಸ್ಟಾಫ್‌ರೂಮಿನಲ್ಲಿ ನಾಲ್ಕು ಜನರಿಗೆ ತೋರಿಸಿ ಬೇರೆ ಮೆಚ್ಚುಗೆ ಪಡೆದಿದ್ದೆ. ಸೋಫಾ ಒಣಮೆಣಸಿನಕಾಯಿ ಚೀಲಗಳ ಲಾರಿಯ ಮೇಲೆ ಕೂತು ಧಾರವಾಡಕ್ಕೆ ಬಂತು. ಮೊದಲ ಒಂದು ವಾರ ಅದರ ಮೇಲೆ ಕೂತವರೆಲ್ಲ ಸೀನುತ್ತಿದ್ದರು. ಅದು ಹೋಗಲಿ. ಅದನ್ನು ನಕಾಶೆಯಲ್ಲಿದ್ದ ಜಾಗದಲ್ಲಿಯೇ ಇಟ್ಟು, ನಾನು ಹೆಮ್ಮೆಯಿಂದ ಹಿಂದೆ ಸರಿದು ನಿಂತೆ. ಅವ್ವ ಬಂದು ತೂಗುಮಂಚದ ಮೇಲೆ ಕೂತು ಕಾಲಿನಿಂದ ನೆಲ ಮೀಟಿದಳು. ಹಲಗೆ ಮುಂದೆ ಹೋಗಿ ಟೀಪಾಯಿಯನ್ನು ಕೆಡವಿತು. ಹಿಂದೆ ಬಂದು ಸೋಫಾದ ಕೈಗೆ ಬಡಿಯಿತು. ತೂಗುಮಂಚಕ್ಕೆ ಎಷ್ಟು ಜಾಗ ಬೇಕೆಂದು ನಾನು ಲೆಕ್ಕ ಹಾಕಿದ್ದೆ. ಅದು ತೂಗುತ್ತದೆ ಎಂಬುದನ್ನು ಮರೆತಿದ್ದೆ.

ಟೀಪಾಯಿ ಮೂಲೆಗೆ ಹೋಯಿತು. ಸೋಫಾವನ್ನು ಗೋಡೆಗೆ ಒತ್ತಿದೆವು. ಈಗ ಹಲಗೆ ಸೋಫಾಕ್ಕೆ ತಾಗುತ್ತಿರಲಿಲ್ಲ. ಸೋಫಾದ ಮೇಲೆ ಕೂತವರ ಮೊಣಕಾಲಿಗೆ ಮಾತ್ರ ತಾಗುತ್ತಿತ್ತು. ನಮ್ಮ ಹೆಡ್‌ಮಾಸ್ತರರು ಒಂದು ಸಂಜೆ ಬಂದರು. ಪಾಪ, ಸಂಕೋಚದ ಮನುಷ್ಯ. ಹಲಗೆ ಬರುವಾಗಲೆಲ್ಲ ಎರಡೂ ಕಾಲು ಎತ್ತುವರು, ಅದು ಹಿಂದೆ ಹೋದಾಗ ಇಳಿಸುವರು. ಅವ್ವ ಅವರನ್ನು ಮನೆಮಂದಿಯ ಕ್ಷೇಮಸಮಾಚಾರ ವಿಚಾರಿಸುತ್ತ, "ಆರಾಮ ಕೂಡ್ರಿ, ಏನೂ ತಾಗೂದಿಲ್ಲ," ಎಂದು ಧೈರ್ಯ ಹೇಳುತ್ತ ತೂಗುತ್ತಿದ್ದಳು. ಅರ್ಧ ಗಂಟೆ ಡ್ರಿಲ್ ಮಾಡಿ ದಣಿದು ಅವರು ಎದ್ದು ಹೋದರು. ಆ ಮೇಲೆ ನಮ್ಮ ಮನೆಯ ಕಡೆ ಬಂದರೂ ಕಟ್ಟೆಯ ಮೇಲೆಯೇ ನಿಂತು ಮಾತಾಡಿಸಿ ಹೋಗುವರು.

ಇದು ಹೀಗೆಯೇ ನಡೆದುಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ನನ್ನ ತಂಗಿ ವಿಮಲಾಳನ್ನು ನೋಡಲು ಹುಬ್ಬಳ್ಳಿಯವರು ಬರುವರೆಂದು ಸುದ್ದಿ ಬಂತು. ಹುಡುಗ ಮೋಹನ, ಕಟ್ಟಡ ಕಟ್ಟಿಸುವ ಇಂಜಿನಿಯರ. ತಂದೆಯಿಲ್ಲ, ತಾಯಿ ಇದ್ದಾರೆ, ಮನೆಯ ಹಿರಿಯನೆಂದರೆ ಕಾಕಾ. ವಿಮಲಾ ಬಿ.ಎ. ಮುಗಿಸಿ ಎರಡು ವರ್ಷವಾಗಿತ್ತು. ಈ ಮೊದಲು ಮೂರು ಕಡೆಯವರು ಬಂದು, ಉಪ್ಪಿಟ್ಟು ತಿಂದು, ಹುಡುಗಿ ಬಹಳ ಮಾತಾಡುತ್ತಾಳೆ ಎಂದು ಹೇಳಿಕಳಿಸಿದ್ದರು. ಮೂರನೆಯವರು ಹಾಗೆ ಹೇಳಿಕಳಿಸಿದ ದಿನ ಅವ್ವ ಊಟ ಮಾಡಿರಲಿಲ್ಲ. ವಿಮಲಾ ತಾನು ಏನೂ ಆಗದವಳಂತೆ ಓಡಾಡಿ, ಹಿತ್ತಲಲ್ಲಿ ಹೋಗಿ ಬಹಳ ಹೊತ್ತು ಕೂತಿದ್ದಳು. ಹೀಗಾಗಿ ನಾಲ್ಕನೆಯ ಸಲ ಎಲ್ಲರ ಎದೆಯೂ ಸ್ವಲ್ಪ ಹೊಡೆದುಕೊಳ್ಳುತ್ತಿತ್ತು.

"ಬರೋ ಮಂದಿ ಹುಬ್ಬಳ್ಳಿಯವ್ರು. ತೂಗಮಂಚ ಬಂದು ಮಣಕಾಲಿಗೆ ಬಡದ್ರ ಎರಡನೇ ಸಲ ಈ ಮನಿ ಹೊಸ್ತಿಲಾ ತುಳೀತಾರೇನ್ರಿ? ಅದನ್ನ ಇಳಿಸಿ ಅಟ್ಟಕ್ಕ ಹಾಕ್ರಿ," ಎಂದಳು ಪ್ರಮೀಳಾ.

"ಹೂಂ," ಎಂದೆ.

ಅವ್ವನಿಗೆ ಇದು ಹೇಗೋ ಗೊತ್ತಾಯಿತು. "ಅದನ್ನ ಅಟ್ಟಕ್ಕ ಹಾಕಿದ್ರ ನಾನೂ ಅದರ ಕೂಡ ಅಟ್ಟಾ ಹತ್ತತೇನಿ. ಬಂದ ಬೀಗರಿಗೆ ಅಲ್ಲಿಂದನ ಮಾತಾಡಸತೇನಿ ತಗೋ," ಎಂದಳು.

"ಇಲ್ಲವ್ವಾ, ಇಳಸೂದಿಲ್ಲ," ಎಂದೆ.

ಇಬ್ಬರಿಗೂ ಮಾತು ಕೊಟ್ಟಾದ ಮೇಲೆ ನಾನು ಕೂತು ವಿಚಾರ ಮಾಡಿದೆ. ಆಗ ಆ ಹಾಳಾದ ಉಪಾಯ ಹೊಳೆಯಿತು. ಸರಪಳಿ ಬಿಚ್ಚಿ, ಹಲಗೆಗೆ ಸೋಫಾದ ಕಾಲಿನಂಥವೇ ನಾಲ್ಕು ಸಪೂರ ಕಾಲು ಹಚ್ಚಿಬಿಟ್ಟರೆ? ಅವ್ವನಿಗೆ ಅವಳ ಹಲಗೆ ಇದ್ದ ಜಾಗದಲ್ಲಿಯೇ ಇರುತ್ತದೆ. ಪ್ರಮೀಳಾಳಿಗೆ ಮುಂಬಯಿಯ ಚಿತ್ರಕ್ಕೆ ಒಪ್ಪುವಂಥ ದಿವಾನ, ಅಂದರೆ ಕಾಲುಳ್ಳ ಒರಗುಮಂಚ, ಸಿಗುತ್ತದೆ. ಹಳೆಯದರ ಮೈ, ಹೊಸದರ ಕಾಲು. ಸರಪಳಿಗೆ ಪಾಲಿಶ್ ಮಾಡಿಸಲು ನಾಲ್ಕು ದಿನ ಇಳಿಸುತ್ತೇನೆ ಎಂದು ಅವ್ವನಿಗೆ ಹೇಳಿದೆ. ಇನ್ನು ಅದು ಕಾಯಂ ದಿವಾನವೇ ಎಂದು ಪ್ರಮೀಳಾಳಿಗೆ ಹೇಳಿದೆ. ಇಬ್ಬರೂ ಒಪ್ಪಿದರು.

ಒಪ್ಪದವನು ಬಡಿಗೇರ ಮೌನಪ್ಪ ಒಬ್ಬನೇ. ಅವನು ಹಲಗೆಯನ್ನು ಎರಡು ಸಲ ತಟ್ಟಿ ನೋಡಿ, ನಾನು ಬರೆದುಕೊಂಡಿದ್ದ ಕಾಲಿನ ಚಿತ್ರವನ್ನು ದೂರ ಹಿಡಿದು ನೋಡಿ, "ಮಾಸ್ತರ್ರ, ಎಮ್ಮಿಗೆ ಆಡಿನ ಕಾಲು ಹಚ್ಚು ಅಂತೀರಲ್ರಿ," ಎಂದ. ಕನಿಷ್ಠ ಕಾಲುಗಳನ್ನಾದರೂ ನೆಟ್ಟಗೆ ಇರಿಸೋಣ ಎಂದು ಬೇಡಿಕೊಂಡ. ನಾನು ಕೇಳಲಿಲ್ಲ. ಸೋಫಾದ ಕಾಲು ಹೊರಗೆ ಚಾಚಿದ್ದವು; ಇವೂ ಹಾಗೆಯೇ ಚಾಚಬೇಕು. ಹಿಂಬಾಗಿಲಿನ ಮೇಲೆ ಸುಣ್ಣದಕಡ್ಡಿಯಿಂದ ಕೋನ, ಭಾರ, ಭಾರಕ್ಕೆ ನಾಲ್ಕರಿಂದ ಭಾಗಾಕಾರ ಎಲ್ಲ ಬರೆದು, ಏನೂ ಆಗುವುದಿಲ್ಲ ಎಂದು ಸಾಧಿಸಿ ತೋರಿಸಿದೆ. ವಿಮಲಾ ಅಲ್ಲಿಯೇ ನಿಂತು ನೋಡುತ್ತಿದ್ದಳು.

"ಲೆಕ್ಕಾ ನಿಮಗ ಬರತೈತ್ರಿ, ಖರೇ. ಆದ್ರ ಕಟಗಿಗೆ ಬರೂದಿಲ್ಲಲ್ರಿ," ಎಂದು ಮೌನಪ್ಪ ಉಳಿ ಕೈಗೆತ್ತಿಕೊಂಡ. ಸಂಜೆಯ ಹೊತ್ತಿಗೆ ದಿವಾನ ತಯಾರಾಯಿತು. ಅವ್ವ ಬಂದು ಅದರ ಮೇಲೆ ಕೂತು, ರೂಢಿಯಂತೆ ಕಾಲಿನಿಂದ ನೆಲ ಮೀಟಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಮೀಟಿದಳು. ಆಮೇಲೆ ಸುಮ್ಮನೆ ಕೈಕಟ್ಟಿ ಕೂತಳು. ಆ ಸಂಜೆ ಹಾದಿಯಲ್ಲಿ ಹೋಗುವವರನ್ನು ಅವಳು ಕರೆಯಲಿಲ್ಲ. ನನಗೆ ಒಳಗೊಳಗೇ ಕಸಿವಿಸಿಯಾಯಿತು. ಆದರೆ ಪ್ರಮೀಳಾ ದಿವಾನಕ್ಕೆ ಕಸೂತಿಯ ಹಾಸು ಹಾಸಿ, ಅಷ್ಟು ದೂರ ಹೋಗಿ ನಿಂತು ನೋಡಿ, "ಭಾಳ ಛಲೋ ಕಾಣತದರಿ," ಎಂದಾಗ ಕಸಿವಿಸಿ ಹೋಯಿತು.

ರವಿವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಮೂವರೂ ಬಂದರು. ಮೋಹನ ಸೋಫಾದ ಒಂದು ತುದಿಗೆ ಕೂತ. ಅವನ ತಾಯಿ ಇನ್ನೊಂದು ತುದಿಗೆ ಕೂತು, ರೆಕ್ಸಿನ್ನಿನ ಮೇಲೆ ಜಾರುತ್ತ, ಸೆರಗು ಸರಿಮಾಡಿಕೊಳ್ಳುವ ನೆವದಲ್ಲಿ ಮತ್ತೆ ಮತ್ತೆ ಹಿಂದೆ ಸರಿಯುತ್ತಿದ್ದರು. ಕಾಕಾ ಮಾತ್ರ ಕೂಡಲಿಲ್ಲ. ಅವರು ಹತ್ತಿಯ ವ್ಯಾಪಾರದವರು. ಅವರನ್ನು ನೋಡಿದಾಗ ಬಿಗಿದು ಕಟ್ಟಿದ ಒಂದು ಹತ್ತಿಯ ಅಂಡಿಗೆಗೇ ಧೋತರ ಉಡಿಸಿದಂತೆ ಕಾಣುತ್ತಿತ್ತು.

"ಸೋಫಾದಾಗ ಕುಂತ್ರ ನನ್ನ ಎಬ್ಬಸಾಕ ಇಬ್ಬರು ಬೇಕು," ಎನ್ನುತ್ತ ಅವರು ಸುತ್ತ ನೋಡಿದರು. ಅವರ ಕಣ್ಣು ದಿವಾನದ ಮೇಲೆ ಬಿತ್ತು. "ಅಬಬಾ! ಇದು ತೂಗಮಂಚದ ಹಲಿಗಿ ಅಲ್ಲನ್ರಿ? ಎಂಥಾ ಸಾಗವಾನಿ!" ಎಂದು ಆ ಕಡೆಗೆ ಹೊರಟರು.

ನಾನು ಹಿಂಬಾಗಿಲಿನ ಮೇಲೆ ಮಾಡಿದ ಭಾಗಾಕಾರದಲ್ಲಿ ಅವ್ವನಂಥ ಮೂವರನ್ನು ಹಿಡಿದಿದ್ದೆ. ಕಾಕಾ ಒಬ್ಬರೇ ಅವ್ವನಂಥ ನಾಲ್ವರಿದ್ದರು. ಬೇಡ ಎಂದರೆ ಹಿರಿಯರ ಮೈಕಟ್ಟನ್ನು ಆಡಿಕೊಂಡಂತೆ, ಸುಮ್ಮನಿದ್ದರೆ ಏನಾಗುವುದೋ. "ಕಾಕಾರ, ಇಲ್ಲಿ ಕೂಡ್ರಿ, ಕಿಡಕ್ಯಾಗಿಂದ ಗಾಳಿ ಛಲೋ ಬರತೈತ್ರಿ," ಎಂದೆ.

"ಗಾಳಿ ಎಲ್ಲಾ ಕಡೆ ಐತಿ ತಗೋರಿ," ಎಂದು ಅವರು ಅವ್ವ ಒಂದು ತುದಿಯಲ್ಲಿ ಕೂತಿದ್ದ ಹಲಗೆಯ ಇನ್ನೊಂದು ತುದಿಗೆ ಕೂತೇಬಿಟ್ಟರು. ಕಾಲುಗಳು ಸಣ್ಣಗೆ ನರಳಿದವು. ಆದರೆ ನಿಂತವು. ನಾನು ಉಸಿರು ಬಿಟ್ಟೆ.

ಅಷ್ಟರಲ್ಲಿ ವಿಮಲಾ, ವೈನಿ ಪ್ರಮೀಳಾ ಹೇಳಿಕೊಟ್ಟಂತೆ ತಲೆ ಬಗ್ಗಿಸಿಕೊಂಡು, ಉಪ್ಪಿಟ್ಟಿನ ತಾಟು ತಂದಳು. ಕಾಕಾ ಅದನ್ನು ಇಸಿದುಕೊಳ್ಳಲು ಸ್ವಲ್ಪ ಮುಂದೆ ಬಾಗಿದರು. ಅವರ ಕಡೆಯ ಎರಡೂ ಕಾಲು, ಯಾರೋ ಹೇಳಿಕೊಟ್ಟ ಹಾಗೆ, ಮೆಲ್ಲಗೆ ಹೊರಗೆ ಜಾರತೊಡಗಿದವು. ಒಮ್ಮೆಲೇ ಬಿದ್ದಿದ್ದರೆ ವಾಸಿಯಿತ್ತು. ಹಾಗಾಗಲಿಲ್ಲ. ಕಾಕಾ ಎದೆಯ ಮಟ್ಟದಲ್ಲಿ ತಾಟು ಹಿಡಿದುಕೊಂಡು, ಮುಖದ ಮೇಲೆ ಒಂದು ಬಗೆಯ ಆಶ್ಚರ್ಯದೊಂದಿಗೆ, ಸಾವಕಾಶವಾಗಿ ಕೆಳಗೆ ಇಳಿದರು. ಹಲಗೆ ಇಳಿಜಾರಾಯಿತು. ಮೇಲಿನ ತುದಿಯಲ್ಲಿ ಉಳಿದ ಅವ್ವ ಹಲಗೆಯ ಕೊಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ನನ್ನ ಕಡೆ ನೋಡಿ, "ಏ ತಮ್ಮಾ, ಇದೇನೋ!" ಎಂದಳು. ಧಪ್ ಎಂದು ಒಂದು ಸಪ್ಪಳವಾಯಿತು. ಕಾಕಾ ನೆಲದ ಮೇಲೆ ಕೂತಿದ್ದರು. ತಾಟಿನಿಂದ ಒಂದು ಕಾಳು ಉಪ್ಪಿಟ್ಟೂ ಚೆಲ್ಲಿರಲಿಲ್ಲ.

ಪ್ರಮೀಳಾಳ ಮುಖ ಸುಣ್ಣದ ಗೋಡೆಯಾಗಿತ್ತು. ನಾಲ್ಕನೆಯವರೂ ಹೋದರು ಎಂದುಕೊಂಡೆ. ಆಗ, ತಲೆ ಬಗ್ಗಿಸಿ ನಿಂತಿದ್ದ ವಿಮಲಾ ತಡೆಯಲಾರದೆ ನಕ್ಕುಬಿಟ್ಟಳು. ನಕ್ಕದ್ದಲ್ಲದೆ, "ಅಣ್ಣಾ, ನಿನ್ನ ಲೆಕ್ಕಾ ತಪ್ಪಿತಲ್ಲೋ!" ಎಂದಳು.

ಮೋಹನ ಎದ್ದು ಬಂದು ಮೊದಲು ಕಾಕಾನ ಕಡೆ ನೋಡಿದ. ಕಾಕಾ ಆಗಲೇ ಉಪ್ಪಿಟ್ಟು ಬಾಯಿಗಿಟ್ಟಿದ್ದರು. ಅವನು ಕುಕ್ಕರಗಾಲಲ್ಲಿ ಕೂತು ಹಲಗೆಯ ಅಡಿಗೆ ಇಣುಕಿ, "ಇಂಥಾ ಭಾರದ ಹಲಿಗಿಗೆ ಕಾಲು ಹಿಂಗ್ಯಾಕ ಸೊಟ್ಟ ಹಚ್ಚ್ಯಾರ್ರಿ?" ಎಂದು ಕೇಳಿದ. ಯಾರನ್ನು ಕೇಳಿದನೋ, ಉತ್ತರ ಕೊಟ್ಟವಳು ವಿಮಲಾ. "ಮೌನಪ್ಪ ಬ್ಯಾಡ ಬ್ಯಾಡ ಅಂದ್ರೀ. ನಮ್ಮಣ್ಣ ಬಾಗಿಲಾ ತುಂಬ ಲೆಕ್ಕಾ ಬರದು ತೋರಿಸಿದ. ಬರ್ರಿ, ಇನ್ನೂ ಅಳಸಿಲ್ಲ." ಇಬ್ಬರೂ ಹಿಂಬಾಗಿಲಿಗೆ ಹೋಗಿ ನನ್ನ ಲೆಕ್ಕ ನೋಡಿದರು. ಹಾಡಲು ಬರುತ್ತದೆಯೇ, ಅಡಿಗೆ ಬರುತ್ತದೆಯೇ ಎಂಬ ಪ್ರಶ್ನೆಗಳನ್ನು ಯಾರೂ ಕೇಳಲೇ ಇಲ್ಲ. ಅಲ್ಲಿಂದ ಎರಡು ನಗೆ ಕೇಳಿಬಂದಾಗ ಮೋಹನನ ತಾಯಿ ಅವ್ವನ ಮುಖ ನೋಡಿದರು, ಅವ್ವ ಅವರ ಮುಖ ನೋಡಿದಳು.

"ಬಾಯಾರ, ನೀವೂ ಕೆಳಗ ಬರ್ರಿ, ನೆಲಾನ ಆರಾಮ ಐತಿ. ಉಪ್ಪಿಟ್ಟು ಭಾಳ ಛಲೋ ಆಗೇತಿ," ಎಂದು ಕಾಕಾ ತಮ್ಮ ಅತ್ತಿಗೆಯನ್ನು ಕರೆದರು. ಜಾರಿ ಜಾರಿ ಬೇಸತ್ತಿದ್ದ ಆಕೆ ಸಂತೋಷದಿಂದ ಇಳಿದು ಜಮಖಾನೆಯ ಮೇಲೆ ಕೂತರು. ಸೋಫಾ ಖಾಲಿಯಾಯಿತು.

"ಇದರ ಸರಪಳಿ ಎಲ್ಲದಾವ್ರಿ?" ಎಂದು ಆಕೆ ಅವ್ವನನ್ನು ಕೇಳಿದರು.

"ಪಾಲಿಶ್‌ಗೆ ಇಳಿಸ್ಯಾನ್ರಿ ನನ್ನ ಮಗ. ನಾಕ ದಿನದಾಗ ಮತ್ತ ಹಾಕತಾನ," ಎಂದಳು ಅವ್ವ.

"ಹಾಕೂದಿಲ್ಲಂತ ಹೇಳಿದ್ರಲ್ರೀ ನನಗ?" ಎಂದಳು ಪ್ರಮೀಳಾ.

ಇಬ್ಬರೂ ನನ್ನ ಕಡೆ ತಿರುಗಿದರು. ಕಾಕಾ ಬಿದ್ದಾಗಲೂ ನಾನು ಅಷ್ಟು ಹೆದರಿರಲಿಲ್ಲ. ಚಹಾ ತರುತ್ತೇನೆಂದು ಒಳಗೆ ಹೋದೆ. ಪ್ರಮೀಳಾ ಆಗಲೇ ಚಹಾ ತಂದಿಟ್ಟಿದ್ದಳು ಎಂಬುದು ಒಳಗೆ ಹೋದ ಮೇಲೆ ನೆನಪಾಯಿತು.

ಹೊರಗೆ ಬಂದು ನೋಡಿದರೆ ಮೋಹನ ಅಂಗಿಯ ತೋಳು ಮಡಚಿ ಸ್ಟೂಲಿನ ಮೇಲೆ ನಿಂತಿದ್ದ. ಕಾಕಾ ಕಾಲು ಕಿತ್ತ ಹಲಗೆಯನ್ನು ಕೆಳಗಿನಿಂದ ಎತ್ತಿ ಹಿಡಿದಿದ್ದರು. ನಾನು ಅಟ್ಟದಲ್ಲಿ ಬಚ್ಚಿಟ್ಟಿದ್ದ ಸರಪಳಿಯನ್ನು ವಿಮಲಾ ತಂದು ಕೊಡುತ್ತಿದ್ದಳು. ಸೋಫಾ ಹೊರಗಿನ ಕಟ್ಟೆಗೆ ಹೋಗಿತ್ತು. ಹೆಣ್ಣು ನೋಡಲು ಬಂದವನು ಹೆಣ್ಣಿನ ಮನೆಯ ತೂಗುಮಂಚ ಕಟ್ಟಿಕೊಟ್ಟು ಹೋದದ್ದು ನಮ್ಮ ಓಣಿಯಲ್ಲಿ ಅದೇ ಮೊದಲು. ಹೊರಡುವ ಮುಂಚೆ ಇಬ್ಬರು ಹಿರಿಯ ಹೆಂಗಸರೂ ಅದರ ಮೇಲೆ ಅಕ್ಕಪಕ್ಕ ಕೂತು ಒಂದು ತಾಸು ತೂಗಿದರು. ಸರಪಳಿಯ ಸಪ್ಪಳ ಕೇಳಿಯೇ, ಮಾತು ಕೂಡಿಬಂತು ಎಂದು ನನಗೆ ತಿಳಿಯಿತು.

ಮದುವೆಯ ಮಾತುಕತೆಯಲ್ಲಿ ಅವರು ಏನೂ ಕೇಳಲಿಲ್ಲ. ಅವ್ವನೇ ತಾನಾಗಿ ಒಂದು ಮಾತು ಹೇಳಿದಳು: ತೂಗುಮಂಚ ವಿಮಲಾಳ ಜೊತೆ ಹುಬ್ಬಳ್ಳಿಗೆ ಹೋಗಲಿ. ನಾನು ದಂಗಾದೆ. "ಅವ್ವಾ, ನೀ ಅದರ ಮ್ಯಾಲೇ ಇರಾಕಿ. ನಿನಗ ಬ್ಯಾಡೇನು?" ಎಂದೆ. "ಇಲ್ಲಿದ್ರ ನೀ ಅದಕ್ಕ ಮತ್ತ ಏನರ ಹಚ್ಚತೀ," ಎಂದು ನಗೆಯಾಡಿ ತೇಲಿಸಿದಳು. ಆದರೆ ಅದನ್ನು ಗಾಡಿಗೆ ಹೇರುವ ದಿನ ಬೆಳಿಗ್ಗೆ ಅವಳೇ ಕೂತು ನಾಲ್ಕೂ ಸರಪಳಿಗಳನ್ನು ಹುಣಸೆಹಣ್ಣಿನಿಂದ ತಿಕ್ಕಿದಳು. ಯಾರನ್ನೂ ಮುಟ್ಟಗೊಡಲಿಲ್ಲ. ಪ್ರಮೀಳಾ ಮಗ್ಗುಲಲ್ಲಿ ಕೂತು ನೀರು ಹಾಕುತ್ತಿದ್ದಳು. ನಡುವೆ ಒಮ್ಮೆ ಪ್ರಮೀಳಾ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ಮೋಹನ ಹುಬ್ಬಳ್ಳಿಯಲ್ಲಿ ಕಟ್ಟಿಸುತ್ತಿದ್ದ ಹೊಸ ಮನೆಗೆ ಸ್ಲ್ಯಾಬು ಹಾಕುವಾಗಲೇ ನಾಲ್ಕು ಕೊಂಡಿ ಕೂಡ್ರಿಸಿದ. ಮೊದಲು ತೂಗುಮಂಚ ಕಟ್ಟಿ, ಜೋರಾಗಿ ತೂಗಿಸಿ ನೋಡಿ, ಅದು ಹೋಗಿಬರುವಷ್ಟು ಜಾಗ ಬಿಟ್ಟು, ಆಮೇಲೆ ಕುರ್ಚಿಗಳನ್ನಿಟ್ಟ. ಮೇಲೆ ಫ್ಯಾನು, ಮಗ್ಗುಲಿಗೆ ರೇಡಿಯೋ, ಹಲಗೆಯ ಮೇಲೆ ವಿಮಲಾ ಹೊಲಿದ ದಿಂಬು. ಅವರ ಮನೆಗೆ ಬಂದವರೆಲ್ಲ ಅದನ್ನು ಹೊಗಳುವವರೇ. ಒಂದು ದಿನ ನಾನು ಅಲ್ಲಿದ್ದಾಗ ಮೋಹನನ ಮೇಲಿನ ಸಾಹೇಬರು ಬಂದು, ಇಷ್ಟು ಚಂದ ಕೂಡಿಸಿದವರು ಯಾರು ಎಂದು ಕೇಳಿದರು. ಮೋಹನ ತುಟಿಯಲ್ಲೇ ನಗುತ್ತ ನನ್ನ ಕಡೆ ಕೈಮಾಡಿ, "ಎಲ್ಲಾ ನಮ್ಮ ಭಾವಾರ ಪುಣ್ಯಾರಿ," ಎಂದ. ನಾನು ಇಲ್ಲವೆನ್ನಬೇಕಿತ್ತು. ಎನ್ನಲಿಲ್ಲ. ಅಷ್ಟೇ ಅಲ್ಲ, ಹಳೆಯ ಸಾಮಾನು ಹೊಸದರ ಜೊತೆ ಹೇಗಿರಬೇಕು, ಬೆಳಕು ಎತ್ತ ಬೀಳಬೇಕು ಎಂದೆಲ್ಲ ಅರ್ಧ ಗಂಟೆ ಅವರಿಗೆ ಹೇಳಿದೆ. ಅವರು ತಲೆದೂಗಿ, "ನಿಮ್ಮ ಮನಿ ಒಮ್ಮೆ ನೋಡಬೇಕಲ್ರಿ," ಎಂದರು. "ಸುಣ್ಣಾ ಹಚ್ಚಾಕತ್ತೇವ್ರಿ," ಎಂದೆ. ಮುಂದಿನ ಎರಡು ವರ್ಷ ಅವರು ಕೇಳಿದಾಗಲೆಲ್ಲ ನಮ್ಮ ಮನೆಗೆ ಸುಣ್ಣ ಹಚ್ಚುವುದು ನಡೆದೇ ಇತ್ತು.

ಕೊನೆಗೆ ಅವರು ಹೇಳದೆ ಕೇಳದೆ ಬಂದರು. ಆಗ ನಮ್ಮ ಪಡಸಾಲೆಯಲ್ಲಿ ಹಂಡೆಯಿರಲಿಲ್ಲ. ಅದು ಬಚ್ಚಲಿಗೆ ಮರಳಿತ್ತು. ಇದ್ದದ್ದು ಕಟ್ಟೆಯಿಂದ ಮರಳಿ ಒಳಗೆ ಬಂದ ಸೋಫಾ ಒಂದೇ. ತೂಗುಮಂಚ ಹೋದ ಮೇಲೆ ಅವ್ವ ಅದನ್ನೇ ತನ್ನ ಜಾಗ ಮಾಡಿಕೊಂಡಿದ್ದಳು. ಅದರ ಮೇಲೆ ಚಕ್ಕಳಬಕ್ಕಳ ಹಾಕಿ, ಈಳಿಗೆಮಣೆಯನ್ನೂ ಅದರ ಮೇಲೆಯೇ ಏರಿಸಿಕೊಂಡು, ಹೀರೇಕಾಯಿ ಹೆರೆಯುತ್ತ ಕೂತಿದ್ದಳು. ಸಾಹೇಬರು ಬಾಗಿಲಲ್ಲೇ ನಿಂತರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅವರು ಬಹಳ ಹೊತ್ತು ನೋಡಿ, "ಆಹಾ! ಹಳೇದೂ ಹೊಸಾದೂ ಹಿಂಗ ಕೂಡಬೇಕು ನೋಡ್ರಿ," ಎಂದು ನನ್ನ ಕೈ ಕುಲುಕಿದರು.

ಅವರು ಹೋದ ಮೇಲೆ ಅವ್ವ ಹೀರೇಕಾಯಿಯಿಂದ ತಲೆಯೆತ್ತಿ, "ಯಾವುದಕ್ಕೋ ಹಳೇದು ಅಂದ ಆ ಮನಷ್ಯಾ?" ಎಂದು ಕೇಳಿದಳು.

"ಸೋಫಾಕ್ಕವ್ವಾ," ಎಂದೆ ಗಡಬಡಿಸಿ.

"ಸೋಫಾ ಇನ್ನೂ ಹೊಸಾದರಂಗ ಅದ ಬಿಡ್ರಿ," ಎಂದಳು ಪ್ರಮೀಳಾ ಒಳಗಿನಿಂದ.

ಅವ್ವ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ತಲೆಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. "ಹಂಗಾರ ನಿನಗ ಅಂದಿರಬೇಕು ತಗೋ," ಎಂದು ಮತ್ತೆ ಹೀರೇಕಾಯಿಗೆ ತಿರುಗಿದಳು.

ಒಳಗೆ ಪ್ರಮೀಳಾ ಜೋರಾಗಿ ನಕ್ಕದ್ದು ಕೇಳಿಸಿತು. ನಾನು ಹೋಗಿ ಗೋಡೆಯ ಕನ್ನಡಿಯ ಮುಂದೆ ನಿಂತೆ. ಅವ್ವನ ಮಾತನ್ನು ಅಲ್ಲಗಳೆಯುವಷ್ಟು ಕೂದಲು ನನ್ನ ತಲೆಯ ಮೇಲೆ ಉಳಿದಿರಲಿಲ್ಲ.